ಫಿರ್ಯಾದಿ ಒಂಟಿಯಾಗಬಾರದು

(ಸಂಘದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಶಿಕ್ಷಕರಾದ ನಮಗೆ ಇಂತಹ ಸಮಾವೇಶಗಳಲ್ಲಿ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ, ಮಕ್ಕಳ ಮೊಬೈಲ್ ಚಟದ ಬಗ್ಗೆ ಮಾತನಾಡಲು ಹೇಳುತ್ತಾರೆ. ಈ ಸಲ ಕಾರ್ಯದರ್ಶಿಗಳು ಫೋನ್ ಮಾಡಿ, “ನ್ಯಾಯದ ಬಗ್ಗೆ ಮಾತಾಡಿರಿ ಟೀಚರ್” ಎಂದರು. ನ್ಯಾಯ ಎಂಬುದು ಸಮುದ್ರದಂತಹ ವಿಷಯ. ಅದರಲ್ಲಿ ಒಂದು ಬೊಗಸೆಯಷ್ಟನ್ನು ಮಾತ್ರ ನಾನು ಎತ್ತಿಕೊಳ್ಳುತ್ತೇನೆ. ಆ ಬೊಗಸೆ ನೀರು ನನಗೆ ಸಿಕ್ಕಿದ್ದು ನನ್ನದೇ ತರಗತಿಯಲ್ಲಿ.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವಳು. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಅನ್ಯದೇಶ್ಯ ಪದಗಳ ಪಾಠ ನಡೆದಿತ್ತು. ನಮ್ಮ ಕೋರ್ಟು ಕಚೇರಿಯ ಕನ್ನಡದಲ್ಲಿ ಅರಬಿ, ಪಾರಸಿ ಪದಗಳು ಎಷ್ಟಿವೆ ಎಂದು ತೋರಿಸಲು ಕಪ್ಪುಹಲಗೆಯ ಮೇಲೆ ವಕೀಲ, ಜಾಮೀನು, ಫಿರ್ಯಾದಿ, ವಶೀಲಿ ಎಂದು ಬರೆದೆ. ಫರಿಯಾದ್ ಎಂದರೆ ಮೊರೆ, ಮೊರೆಯಿಡುವವನು ಫಿರ್ಯಾದಿ. ವಸೀಲಾ ಎಂದರೆ ಸಾಧನ, ಆಸರೆ. ಅದೇ ಕನ್ನಡಕ್ಕೆ ಬಂದು ವಶೀಲಿಯಾಗಿ, ದೊಡ್ಡವರ ಪ್ರಭಾವ ಎಂಬ ಅರ್ಥ ಪಡೆಯಿತು ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್, ಫಿರ್ಯಾದಿಗೆ ವಶೀಲಿ ಇಲ್ಲ, ಆ ಕಡಿಯವರಿಗೆ ವಶೀಲಿ ಐತಿ ಅಂದ್ರ ಕೇಸ್ ನಡೀತದೇನ್ರಿ?”

ತರಗತಿ ನಕ್ಕಿತು. ನಾನೂ ನಕ್ಕು, “ಕಾನೂನಿನ ಮುಂದೆ ಎಲ್ಲರೂ ಸಮಾನರು” ಎಂದು ಪುಸ್ತಕದ ಉತ್ತರ ಕೊಟ್ಟು ಕೂರಿಸಿದೆ. ಆ ಹುಡುಗಿ ಕುಳಿತಳು, ಆದರೆ ಒಪ್ಪಲಿಲ್ಲ. ಆಕೆಯ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬಂಧುಗಳೇ, ಇಂದು ನಾನು ಆ ಮಗುವಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮ್ಮೆಲ್ಲರ ಮುಂದೆ ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ನಮ್ಮ ಊರಿನ ಹತ್ತಿರದ್ದೇ ಒಂದು ಪ್ರಕರಣ. ಇಲ್ಲಿರುವ ಹಿರಿಯರಲ್ಲಿ ಹಲವರಿಗೆ ಅದರ ನೆನಪಿರಬಹುದು. 1978ರ ಮಾರ್ಚ್ ಕೊನೆಯಲ್ಲಿ ಹೈದರಾಬಾದಿನಲ್ಲಿ ಒಬ್ಬ ರಿಕ್ಷಾ ತುಳಿಯುವ ಬಡ ಮುಸ್ಲಿಮನ ಹೆಂಡತಿಯ ಮೇಲೆ ನಲ್ಲಕುಂಟ ಪೊಲೀಸ್ ಠಾಣೆಯಲ್ಲಿ ಪೊಲೀಸರೇ ಅತ್ಯಾಚಾರ ಮಾಡಿದರೆಂಬ ಆರೋಪ ಬಂತು. ಪ್ರತಿಭಟಿಸಿದ ಗಂಡನನ್ನು ಹೊಡೆದರು, ಆತ ಸತ್ತ. ಆ ಹೆಣ್ಣುಮಗಳ ಹೆಸರು ಪತ್ರಿಕೆಗಳಲ್ಲೆಲ್ಲ ಬಂದಿದೆ, ಆದರೂ ಇಲ್ಲಿ ನಾನು ಹೇಳುವುದಿಲ್ಲ. ದೌರ್ಜನ್ಯಕ್ಕೆ ಒಳಗಾದವರ ಹೆಸರು ಹೇಳದಿರುವುದು ಇಂದಿನ ಕಾನೂನು. ಅದಕ್ಕಿಂತ ಮೊದಲು ಅದು ಅದಬ್.

ಊರು ಹೊತ್ತಿ ಉರಿಯಿತು. ಸಾವಿರಾರು ಜನ ಆ ಶವವನ್ನು ಠಾಣೆಗೇ ಹೊತ್ತು ತಂದರು. ಕಲ್ಲು ತೂರಾಟ, ಬೆಂಕಿ, ಗೋಲಿಬಾರು, ಕರ್ಫ್ಯೂ ಎಲ್ಲವೂ ಆದವು. ಗೋಲಿಬಾರಿನಲ್ಲಿ ಇನ್ನಷ್ಟು ಬಡವರು ಸತ್ತರು. ಕೊನೆಗೆ ಸರ್ಕಾರ ನ್ಯಾಯಮೂರ್ತಿ ಮುಕ್ತದರ್ ಅವರ ವಿಚಾರಣಾ ಆಯೋಗವನ್ನು ನೇಮಿಸಿತು. ಆಯೋಗದ ಮುಂದೆ ಪೊಲೀಸರ ಕಡೆಯವರು ಮಾಡಿದ ವಾದವೇನು ಗೊತ್ತೇ? ಆಕೆ ನಡತೆಗೆಟ್ಟವಳು, ಆಕೆಯ ಮದುವೆಯೇ ಸರಿಯಾದುದಲ್ಲ ಎಂದು! ಆಯೋಗ ಇದನ್ನು ನಂಬಲಿಲ್ಲ. ಪೊಲೀಸರನ್ನು ತಪ್ಪಿತಸ್ಥರೆಂದು ಕಂಡು, ಅವರ ಮೇಲೆ ಮೊಕದ್ದಮೆ ಹೂಡಬೇಕೆಂದು ಶಿಫಾರಸು ಮಾಡಿತು.

ಇಲ್ಲಿಯವರೆಗೆ ಕೇಳಿದವರು, ನ್ಯಾಯ ಸಿಕ್ಕಿತು ಎಂದೇ ತಿಳಿಯುತ್ತಾರೆ. ಆದರೆ ಆಯೋಗದ ವರದಿ ಬೇರೆ, ನ್ಯಾಯಾಲಯದ ತೀರ್ಪು ಬೇರೆ. ಆಯೋಗ ಎಷ್ಟೇ ಗಟ್ಟಿಯಾಗಿ ಬರೆದಿದ್ದರೂ ಅದರ ಮುಂದೆ ನುಡಿದ ಮಾತುಗಳು ಕ್ರಿಮಿನಲ್ ಮೊಕದ್ದಮೆಯಲ್ಲಿ ತಾವಾಗಿಯೇ ಸಾಕ್ಷ್ಯವಾಗುವುದಿಲ್ಲ. ಕೋರ್ಟಿನಲ್ಲಿ ಎಲ್ಲವನ್ನೂ ಮೊದಲಿನಿಂದ ಸಾಬೀತುಪಡಿಸಬೇಕು. ಈ ಮೊಕದ್ದಮೆ ಆಂಧ್ರದಿಂದ ಹೊರಗೆ ವರ್ಗವಾಯಿತು. ಎಲ್ಲಿಗೆ? ನಮ್ಮ ರಾಯಚೂರಿಗೆ. ಇದೇ ರಾಯಚೂರಿನ ಸೆಷನ್ಸ್ ನ್ಯಾಯಾಲಯದಲ್ಲಿ 1981ರಲ್ಲಿ ಆ ಪೊಲೀಸರೆಲ್ಲರೂ ಖುಲಾಸೆಯಾದರು.

ನಾನು ಯೋಚಿಸುವುದು ಇಷ್ಟೇ. ಹೈದರಾಬಾದಿನಲ್ಲಿ ಶವದ ಹಿಂದೆ ನಡೆದ ಸಾವಿರಾರು ಜನರಲ್ಲಿ, ರಾಯಚೂರಿನ ಕೋರ್ಟಿನ ಮೆಟ್ಟಿಲ ಮೇಲೆ ಆ ಹೆಣ್ಣಿನ ಜೊತೆ ನಿಲ್ಲಲು ಎಷ್ಟು ಮಂದಿ ಬಂದಿದ್ದರು? ಬಂದವರು ಇರಬಹುದು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಕಲ್ಲು ತೂರಲು ಒಂದು ರಾತ್ರಿ ಸಾಕು. ಮೊಕದ್ದಮೆ ನಡೆಸಲು ಮೂರು ವರ್ಷ ಬೇಕು. ನಮ್ಮ ಸಿಟ್ಟು ಮೊದಲ ರಾತ್ರಿಯಲ್ಲೇ ಖರ್ಚಾಗಿಬಿಡುತ್ತದೆ. ಪ್ರಬಲರಿಗೆ ಇದು ಚೆನ್ನಾಗಿ ಗೊತ್ತು. ಅವರು ಬೆಳಗಾಗುವುದನ್ನು ಕಾಯುತ್ತಾರೆ.

ಎರಡನೆಯದು ಹರಿಯಾಣದ ಪ್ರಕರಣ. 1990ರ ಆಗಸ್ಟ್ 12ರಂದು ಪಂಚಕುಲಾದಲ್ಲಿ 14 ವರ್ಷದ ಟೆನಿಸ್ ಆಡುವ ಹುಡುಗಿಯೊಬ್ಬಳ ಮೇಲೆ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಧ್ಯಕ್ಷನೇ ಕೈಹಾಕಿದ. ಆತ ಪೊಲೀಸ್ ಇಲಾಖೆಯ ಐ.ಜಿ. ಎಸ್.ಪಿ.ಎಸ್. ರಾಥೋರ್. ಆಗಿನ ಡಿ.ಜಿ.ಪಿ. ತಾವೇ ವಿಚಾರಣೆ ಮಾಡಿ, ಕೆಲವೇ ವಾರಗಳಲ್ಲಿ, ಕೇಸು ದಾಖಲಿಸಬೇಕೆಂದು ವರದಿ ಕೊಟ್ಟರು. ಅಂದರೆ ಇಲಾಖೆಯ ಮುಖ್ಯಸ್ಥರೇ ಹೇಳಿದರೂ ಎಫ್.ಐ.ಆರ್. ಆಗಲಿಲ್ಲ! ಬದಲಿಗೆ ಏನಾಯಿತು? ಹುಡುಗಿಯನ್ನು ಶುಲ್ಕ ಕಟ್ಟಿಲ್ಲವೆಂಬ ಕಾರಣ ಕೊಟ್ಟು ಶಾಲೆಯಿಂದ ತೆಗೆದುಹಾಕಿದರು. ಆಕೆಯ ಸಹೋದರನ ಮೇಲೆ ಸಾಲು ಸಾಲಾಗಿ ಕಾರು ಕಳ್ಳತನದ ಕೇಸುಗಳು ಬಿದ್ದವು. 1993ರ ಡಿಸೆಂಬರಿನಲ್ಲಿ ಆ ಹುಡುಗಿ ವಿಷ ಕುಡಿದು ಪ್ರಾಣಬಿಟ್ಟಳು. ಆ ಅಧಿಕಾರಿ? ಬಡ್ತಿ ಪಡೆಯುತ್ತಾ ಹೋಗಿ 1999ರಲ್ಲಿ ಅದೇ ರಾಜ್ಯದ ಡಿ.ಜಿ.ಪಿ. ಆದರು.

ಆ ಕುಟುಂಬ ಮುರಿದುಹೋದರೂ ಒಂದು ಮನೆಯವರು ಬಿಡಲಿಲ್ಲ. ಘಟನೆಯನ್ನು ಕಣ್ಣಾರೆ ಕಂಡಿದ್ದ ಗೆಳತಿ ಮತ್ತು ಆ ಗೆಳತಿಯ ತಂದೆ ತಾಯಿ. ಅವರು ರಕ್ತಸಂಬಂಧಿಗಳಲ್ಲ, ಕೇವಲ ನೆರೆಹೊರೆಯವರು. ಅವರು ಹೈಕೋರ್ಟಿಗೆ ಹೋದರು, 1998ರಲ್ಲಿ ಸಿ.ಬಿ.ಐ. ತನಿಖೆಗೆ ಆದೇಶವಾಯಿತು, 1999ರ ಡಿಸೆಂಬರಿನಲ್ಲಿ ಕೇಸು ದಾಖಲಾಯಿತು. ವಿಚಾರಣೆಯ ದಿನಾಂಕಗಳೇ ನಾನ್ನೂರಕ್ಕೂ ಹೆಚ್ಚು. 2009ರ ಡಿಸೆಂಬರ್ 21ರಂದು, ಅಂದರೆ 19 ವರ್ಷಗಳ ನಂತರ, ನ್ಯಾಯಾಲಯ ಆತನನ್ನು ತಪ್ಪಿತಸ್ಥನೆಂದು ಹೇಳಿ ಆರು ತಿಂಗಳ ಶಿಕ್ಷೆ ಮತ್ತು ಒಂದು ಸಾವಿರ ರೂಪಾಯಿ ದಂಡ ವಿಧಿಸಿತು. ಅಂದು ಆತ ನಗುತ್ತ ಹೊರಬಂದ ಫೋಟೊವನ್ನು ಇಡೀ ದೇಶ ನೋಡಿತು, ಕೆರಳಿತು. 2010ರಲ್ಲಿ ಶಿಕ್ಷೆ ಒಂದೂವರೆ ವರ್ಷಕ್ಕೆ ಏರಿತು. 2016ರಲ್ಲಿ ಸುಪ್ರೀಂ ಕೋರ್ಟು ಅಪರಾಧ ಸಾಬೀತಾಗಿದೆ ಎಂದು ಎತ್ತಿಹಿಡಿಯಿತು, ಆದರೆ ಆತನ ವಯಸ್ಸನ್ನು ನೋಡಿ, ಅದುವರೆಗೆ ಅನುಭವಿಸಿದ ಆರು ತಿಂಗಳಷ್ಟೇ ಸಾಕೆಂದಿತು.

ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಶೀಲಿ ಎಲ್ಲಿ ಕೆಲಸ ಮಾಡುತ್ತದೆಂಬುದು ತಿಳಿಯುತ್ತದೆ. ಎಲ್ಲರೂ ನ್ಯಾಯಾಧೀಶರನ್ನು ಬೈಯುತ್ತಾರೆ. ಆದರೆ ಬಹುಪಾಲು ಕೆಲಸ ನ್ಯಾಯಾಧೀಶರ ಮುಂದೆ ಫೈಲು ಬರುವ ಮೊದಲೇ ಮುಗಿದಿರುತ್ತದೆ. ಮೊದಲ ಬಾಗಿಲು ಠಾಣೆ. ಅಲ್ಲಿ ಬರೆದುಕೊಳ್ಳುವುದೇ ಇಲ್ಲ. ಎರಡನೆಯದು ತನಿಖೆ, ಬಟ್ಟೆ, ವೈದ್ಯಕೀಯ ವರದಿ, ಸ್ಥಳದ ಪಂಚನಾಮೆ ಮೊದಲ ಕೆಲವು ದಿನಗಳಲ್ಲಿ ಆಗದಿದ್ದರೆ ಆಮೇಲೆ ಯಾವ ದೊಡ್ಡ ವಕೀಲರೂ ಅವನ್ನು ತರಲಾರರು. ಮೂರನೆಯದು ಸಾಕ್ಷಿ, ಅವನಿಗೆ ಹೆದರಿಕೆ ಹುಟ್ಟಿಸುತ್ತಾರೆ, ಇಲ್ಲವೇ ಕೊಳ್ಳುತ್ತಾರೆ. ನಾಲ್ಕನೆಯದು ಕಾಲ, ದಿನಾಂಕದ ಮೇಲೆ ದಿನಾಂಕ ಬಿದ್ದು ಫಿರ್ಯಾದಿ ಸುಸ್ತಾಗುತ್ತಾನೆ. ಈ ನಾಲ್ಕೂ ಬಾಗಿಲಲ್ಲಿ ಪ್ರಬಲನ ಕಡೆಗೆ ಹತ್ತು ಮಂದಿ ನಿಂತಿರುತ್ತಾರೆ, ಫಿರ್ಯಾದಿ ಮಾತ್ರ ಒಂಟಿ.

ಇದು ನಮ್ಮ ದೇಶದ ಕಾಯಿಲೆ ಮಾತ್ರವಲ್ಲ. ಅಮೆರಿಕದ ಕುಬೇರ ಜೆಫ್ರಿ ಎಪ್‌ಸ್ಟೀನ್ ಹತ್ತಾರು ಅಪ್ರಾಪ್ತ ಹುಡುಗಿಯರ ಮೇಲೆ ದೌರ್ಜನ್ಯ ಮಾಡಿದನೆಂಬ ಆರೋಪ ಫ್ಲೋರಿಡಾದಲ್ಲಿ ಬಂದಾಗ, ಅಲ್ಲಿನ ಕೇಂದ್ರ ಸರ್ಕಾರದ ವಕೀಲರು ಅವನ ಮೇಲೆ ದೊಡ್ಡ ಮೊಕದ್ದಮೆ ಹೂಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡರು. 2008ರಲ್ಲಿ ಸಣ್ಣ ಆರೋಪ ಒಪ್ಪಿಕೊಂಡು ಸುಮಾರು 13 ತಿಂಗಳು ಜೈಲಿನಲ್ಲಿದ್ದ. ಅದರಲ್ಲೂ ಹಗಲು ಹೊರಗೆ ಹೋಗಿ ಕೆಲಸ ಮಾಡಲು ಅನುಮತಿ! ಆ ಹುಡುಗಿಯರಿಗೆ ಈ ಒಪ್ಪಂದದ ಸುದ್ದಿಯನ್ನೇ ತಿಳಿಸಿರಲಿಲ್ಲ. ಪತ್ರಿಕೆಯೊಂದು ಎಲ್ಲವನ್ನೂ ಬಯಲಿಗೆಳೆದ ಮೇಲೆ 2019ರಲ್ಲಿ ಮತ್ತೆ ಬಂಧನವಾಯಿತು. ವಿಚಾರಣೆಗೆ ಮೊದಲೇ ಆತ ಜೈಲಿನಲ್ಲಿ ಸತ್ತ. ಅವನ ಜೊತೆಗಾತಿಗೆ 2022ರಲ್ಲಿ 20 ವರ್ಷ ಶಿಕ್ಷೆಯಾಯಿತು. ಉಳಿದ ದೊಡ್ಡವರ ಕಥೆ ಏನು ಎಂಬ ಜನರ ಕೂಗಿಗೆ, ಕಡತಗಳನ್ನು ಬಹಿರಂಗಪಡಿಸಬೇಕೆಂದು 2025ರ ನವೆಂಬರಿನಲ್ಲಿ ಅಲ್ಲಿ ಕಾನೂನನ್ನೇ ಮಾಡಬೇಕಾಯಿತು. ಶ್ರೀಮಂತ ದೇಶ, ದೊಡ್ಡ ಕೋರ್ಟು, ಒಳ್ಳೆಯ ಇಂಗ್ಲಿಷು ಇದ್ದ ಮಾತ್ರಕ್ಕೆ ಈ ರೋಗ ಬರುವುದಿಲ್ಲ ಎಂದು ತಿಳಿಯಬೇಡಿ.

ಬಂಧುಗಳೇ, ಈ ರೋಗಕ್ಕೆ ನಮ್ಮ ಪ್ರವಾದಿ(ಸ)ಯವರು ಹದಿನಾಲ್ಕು ಶತಮಾನಗಳ ಹಿಂದೆಯೇ ಹೆಸರಿಟ್ಟಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ಪ್ರಸಿದ್ಧ ಹದೀಸ್ ಇದು. ಮಖ್ಜೂಮ್ ಎಂಬ ಪ್ರತಿಷ್ಠಿತ ಗೋತ್ರದ ಮಹಿಳೆಯೊಬ್ಬಳು ಕಳವು ಮಾಡಿ ಸಿಕ್ಕಿಬಿದ್ದಳು. ಗೋತ್ರದವರಿಗೆ ಮಾನದ ಚಿಂತೆ. ಪ್ರವಾದಿ(ಸ)ಯವರಿಗೆ ಅತ್ಯಂತ ಪ್ರಿಯರಾಗಿದ್ದ ಉಸಾಮಾ ಬಿನ್ ಜೈದ್(ರ) ಅವರಿಂದ ಸಿಫಾರಸು ಮಾಡಿಸಿದರು. ಪ್ರವಾದಿ(ಸ)ಯವರ ಮುಖ ಕೋಪದಿಂದ ಬಣ್ಣ ಬದಲಾಯಿಸಿತು. ಎದ್ದು ನಿಂತು ಜನರಿಗೆ ತಿಳಿಸಿದರು: ಹಿಂದಿನ ಜನಾಂಗಗಳು ನಾಶವಾದದ್ದು ಈ ಕಾರಣಕ್ಕೇ, ದೊಡ್ಡವನು ತಪ್ಪು ಮಾಡಿದರೆ ಬಿಡುತ್ತಿದ್ದರು, ದುರ್ಬಲನು ಮಾಡಿದರೆ ಶಿಕ್ಷಿಸುತ್ತಿದ್ದರು, ತಮ್ಮ ಸ್ವಂತ ಮಗಳಾದರೂ ತಾವು ಬಿಡುವುದಿಲ್ಲ ಎಂದು. ಸೂರಃ ನಿಸಾದ 135ನೇ ಆಯತ್ ಕೂಡ, ನಮ್ಮ ವಿರುದ್ಧ, ನಮ್ಮ ತಂದೆ ತಾಯಿ, ಬಂಧು ಬಳಗದ ವಿರುದ್ಧವಾದರೂ ಸರಿ, ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಆಜ್ಞಾಪಿಸುತ್ತದೆ.

ಈ ಹದೀಸನ್ನು ನಾವು ಜುಮಾ ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳುವಾಗಲೆಲ್ಲ ನಮ್ಮ ಮನಸ್ಸು ಮಂತ್ರಿಗಳ ಕಡೆ, ಪೊಲೀಸರ ಕಡೆ, ದಿಲ್ಲಿಯ ಕಡೆ ಓಡುತ್ತದೆ. ಮಖ್ಜೂಮ್ ಗೋತ್ರ ನಮ್ಮ ಮೊಹಲ್ಲಾದಲ್ಲೂ ಇರಬಹುದೆಂದು ಹೊಳೆಯುವುದಿಲ್ಲ.

ಈಗ ನಾನು ಹೇಳುವುದು ನನ್ನದೇ ತಪ್ಪು. ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಹಲವು ವರ್ಷಗಳ ಹಿಂದೆ, ಬಿ.ಎಡ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಂದು ಶಾಲೆಯಲ್ಲಿ, ಏಳನೇ ತರಗತಿಯ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ನನ್ನ ಬಳಿ ಬಂದು ಅತ್ತಳು. ಆಡಳಿತ ಮಂಡಳಿಯ ಒಬ್ಬ ಹಿರಿಯರು ಆಫೀಸಿಗೆ ಕರೆದು ಮೈಮೇಲೆ ಕೈಹಾಕುತ್ತಾರೆ ಎಂದಳು. ನಾನು ಮುಖ್ಯ ಗುರುಗಳಿಗೆ ಹೇಳಿದೆ. ಅವರು ಮಂಡಳಿಯವರಿಗೆ ಹೇಳಿದರು. ಸಂಜೆ ನಾಲ್ಕು ಜನ ಹಿರಿಯರು ಕೂತು, “ಇದು ಸಂಸ್ಥೆಯ ಇಜ್ಜತ್ತಿನ ಪ್ರಶ್ನೆ. ಬೇರೆಯವರ ಕೈಗೆ ಯಾಕೆ ಕೋಲು ಕೊಡಬೇಕು? ನಮ್ಮೊಳಗೇ ಮುಗಿಸೋಣ” ಎಂದರು. ಮುಗಿಸಿದರು ಕೂಡ. ಹೇಗೆಂದರೆ, ವಾರದೊಳಗೆ ಆ ಹುಡುಗಿಯ ಕೈಗೆ ಟಿ.ಸಿ. ಕೊಟ್ಟು, ಅಜ್ಜಿಯ ಊರಿಗೆ ಕಳಿಸಿದರು.

ಆಗಲೂ ಪೋಕ್ಸೊ ಕಾಯ್ದೆ ಇತ್ತು. ಪೊಲೀಸರಿಗೆ ತಿಳಿಸುವುದು ನನ್ನ ಕರ್ತವ್ಯವಾಗಿತ್ತು. ನಾನು ತಿಳಿಸಲಿಲ್ಲ. ನನಗೆ ಕೆಲಸ ಬೇಕಿತ್ತು. ಮನೆಯಲ್ಲಿ ತಂಗಿಯರ ಮದುವೆ ಇತ್ತು. ಅದೇ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಆ ಹಿರಿಯರೇ ಬಹುಮಾನ ಹಂಚಿದರು. ಬಹುಮಾನ ಪಡೆಯುವವರ ಹೆಸರನ್ನು ಮೈಕಿನಲ್ಲಿ ಓದಿದವಳು ನಾನು. ಮೊದಲಿನ ಪಟ್ಟಿಯಲ್ಲಿ ಆ ಹುಡುಗಿಯ ಹೆಸರೂ ಇತ್ತು, ಉರ್ದು ಸುಂದರ ಬರವಣಿಗೆಯಲ್ಲಿ ಎರಡನೇ ಸ್ಥಾನ. ಅದನ್ನು ಬಿಟ್ಟು ಓದಿದೆ.

ವರ್ಷಗಳ ನಂತರ ಧೈರ್ಯ ಮಾಡಿ ಆಕೆಯ ತಾಯಿಯನ್ನು ಹುಡುಕಿಕೊಂಡು ಹೋದೆ. ಈಗಲಾದರೂ ಠಾಣೆಗೆ ಹೋಗೋಣ, ನಾನು ಸಾಕ್ಷಿ ಹೇಳುತ್ತೇನೆ ಎಂದೆ. ಆ ತಾಯಿ ಚಹಾ ಕೊಟ್ಟು, ನಿಧಾನವಾಗಿ ಹೇಳಿದರು: “ಅವತ್ತು ನೀವು ಬರ್ತೀರಿ ಅಂತ ನನ್ನ ಮಗಳು ಬಾಗಿಲಿಗೆ ಕೂತಿದ್ಲು, ಟೀಚರಮ್ಮ. ಈಗ ಆಕೆಗೆ ಲಗ್ನ ಆಗೇದ. ಬಿಟ್ಟುಬಿಡ್ರಿ.” ಸರ್ಕಾರ ಕೇಸು ಹಾಕುವುದಿಲ್ಲ, ಪೊಲೀಸರು ಬರೆದುಕೊಳ್ಳುವುದಿಲ್ಲ ಎಂದು ನಾನು ಯಾರನ್ನು ಬೈಯಲಿ? ಮೊದಲ ಬಾಗಿಲು ಠಾಣೆ ಎಂದು ಈಗಷ್ಟೇ ಹೇಳಿದೆನಲ್ಲ, ಅದು ಸರಿಯಲ್ಲ. ಠಾಣೆಗೂ ಮೊದಲು ಒಂದು ಬಾಗಿಲಿದೆ. ಅದು ಮಗು ಮೊದಲು ಮಾತನಾಡುವ ವ್ಯಕ್ತಿ. ಅಂದು ಆ ಬಾಗಿಲು ನಾನೇ ಆಗಿದ್ದೆ, ಮತ್ತು ಅದನ್ನು ಮುಚ್ಚಿದವಳೂ ನಾನೇ.

“ನಮ್ಮ ಸಮುದಾಯದ ಮೇಲೆ ಈಗಾಗಲೇ ಎಲ್ಲರ ಕಣ್ಣಿದೆ, ಇಂತಹ ಮಾತು ಹೊರಗೆ ಹೋಗಬಾರದು” ಎಂದು ಕೆಲವರು ಹೇಳುತ್ತಾರೆ. ಈ ಅಂಜಿಕೆ ಸುಳ್ಳಲ್ಲ, ನನಗೂ ಗೊತ್ತು. ನಮ್ಮ ಗುಲ್ಬರ್ಗಾದಲ್ಲಿ ಫಾರ್ಮಸಿ ಓದುತ್ತಿದ್ದ ಯುವಕನನ್ನು 1994ರಲ್ಲಿ ಬಾಂಬ್ ಸ್ಫೋಟಗಳ ಆರೋಪದಲ್ಲಿ ಹಿಡಿದೊಯ್ದರು. 2016ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿದಾಗ ಆತನ ಯೌವನವೆಲ್ಲ ಜೈಲಿನಲ್ಲೇ ಕಳೆದಿತ್ತು. ಬಡವನ ಮೇಲೆ ಕಾನೂನು ಎಷ್ಟು ಬೇಗ ಓಡಿಬರುತ್ತದೆ, ದೊಡ್ಡವನ ಕಡೆ ಎಷ್ಟು ನಿಧಾನ ನಡೆಯುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಆದ್ದರಿಂದಲೇ ಎರಡು ಮಾತುಗಳನ್ನು ಒಟ್ಟಿಗೆ ಹಿಡಿಯಬೇಕು. ಆರೋಪ ಬಂದವರೆಲ್ಲ ಅಪರಾಧಿಗಳಲ್ಲ. ಆದರೆ ಆರೋಪ ಬಂದ ಮೇಲೆ ತನಿಖೆ ಆಗಲೇಬೇಕು. ತನಿಖೆ ಬೇಡವೆನ್ನುವವನು ನಿರಪರಾಧಿಯನ್ನೂ ಕಾಪಾಡುವುದಿಲ್ಲ, ಏಕೆಂದರೆ ಅನುಮಾನ ಅವನ ಮೇಲೆ ಉಳಿದೇ ಹೋಗುತ್ತದೆ. ಇಜ್ಜತ್ತಿನ ಹೆಸರಿನಲ್ಲಿ ತಪ್ಪನ್ನು ಮುಚ್ಚಿದರೆ ಸಮುದಾಯದ ಇಜ್ಜತ್ ಉಳಿಯುವುದಿಲ್ಲ, ತಪ್ಪು ಮಾಡಿದವನ ಕುರ್ಚಿ ಮಾತ್ರ ಉಳಿಯುತ್ತದೆ.

ವಿದ್ಯಾರ್ಥಿಗಳೇ, ಈಗ ನಿಮ್ಮ ಸಿಟ್ಟಿನ ಬಗ್ಗೆ ಒಂದು ಮಾತು. ಸಿಟ್ಟು ಬರಬೇಕು, ಬರದಿದ್ದರೆ ಮನುಷ್ಯರಲ್ಲ. ಆದರೆ ಅದು ದಾರಿ ತಪ್ಪುವುದು ಬಹಳ ಸುಲಭ. 1978ರಲ್ಲಿ ಪೊಲೀಸರ ವಿರುದ್ಧ ಎದ್ದಿದ್ದ ಅದೇ ಹೈದರಾಬಾದಿನಲ್ಲಿ, 2019ರ ಡಿಸೆಂಬರಿನಲ್ಲಿ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಹೂಮಳೆ ಸುರಿಸಿದರು. 2022ರಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತು ಎಂದು ವರದಿ ಕೊಟ್ಟಿತು. ಸತ್ತ ನಾಲ್ವರೂ ಲಾರಿಗಳಲ್ಲಿ ದುಡಿಯುತ್ತಿದ್ದ ಬಡವರು. ಎಲ್ಲಾದರೂ ಒಬ್ಬ ಐ.ಜಿ.ಯನ್ನು, ಒಬ್ಬ ಶಾಸಕನನ್ನು ಹೀಗೆ ಎನ್‌ಕೌಂಟರ್ ಮಾಡಿದ್ದನ್ನು ಕೇಳಿದ್ದೀರಾ? ಕೋರ್ಟು ಬೇಡ, ಗುಂಡೇ ಸಾಕು ಎಂದು ನಾವು ಕೂಗಿದರೆ ಆ ಗುಂಡು ಬಂದು ಬೀಳುವುದು ವಶೀಲಿ ಇಲ್ಲದವನ ಎದೆಗೇ.

ಇನ್ನೊಂದು ದಾರಿ ತಪ್ಪಿದ ಸಿಟ್ಟು ನಮ್ಮ ಕೈಯಲ್ಲೇ ಇದೆ, ಮೊಬೈಲಿನಲ್ಲಿ. 2024ರ ಏಪ್ರಿಲ್‌ನಲ್ಲಿ ಹಾಸನದ ಸಂಸದರಾಗಿದ್ದವರ ಪ್ರಕರಣ ಹೊರಬಂದಾಗ, ಹೆಣ್ಣುಮಕ್ಕಳ ವಿಡಿಯೊ ತುಂಬಿದ ಪೆನ್‌ಡ್ರೈವ್‌ಗಳು ಬೀದಿ ಬೀದಿಯಲ್ಲಿ ಹರಿದಾಡಿದವು. ಆರೋಪಿಯ ಮೇಲಿನ ಸಿಟ್ಟಿನಿಂದ ಹಂಚುತ್ತಿದ್ದೇವೆ ಎಂದುಕೊಂಡವರೂ ಇದ್ದರು. ಆದರೆ ಮಾನ ಹೋದದ್ದು ಯಾರದು? ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳು ಮುಖ ತೋರಿಸದಂತಾದರು! ಅಂತಹ ಗದ್ದಲದ ನಡುವೆಯೂ ಮನೆಗೆಲಸದ ಒಬ್ಬ ಬಡ ಹೆಣ್ಣುಮಗಳು ದೂರು ಕೊಟ್ಟು, ಸಾಕ್ಷಿ ಹೇಳಿ, ಗಟ್ಟಿಯಾಗಿ ನಿಂತಳು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ, ಅಲ್ಲಿ ಏನಾಗುವುದೋ ಅದು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ಬೆಂಚಿನ ಹುಡುಗಿಗೆ ನಾನು ಕೊಡಬಹುದಾದ ಉತ್ತರದ ಒಂದು ಭಾಗ ಇದರಲ್ಲಿದೆ: ನಡೀತದಮ್ಮ, ಕೇಸು ನಡೆಯುತ್ತದೆ. ಬೇಗ ಸಾಕ್ಷ್ಯ ಕೂಡಿಸಿದರೆ, ತನಿಖೆ ಬಿಗಿಯಾಗಿದ್ದರೆ, ಫಿರ್ಯಾದಿ ಕುಸಿಯದಂತೆ ಹಿಡಿದವರಿದ್ದರೆ.

ಹರಿಯಾಣದ ಆ ಹುಡುಗಿಯ ಕಾಲಕ್ಕೆ ಇಲ್ಲದ ಹಲವು ಆಯುಧಗಳು ಇಂದು ನಮ್ಮ ಕೈಯಲ್ಲಿವೆ. ಪಾಲಕರು ದಯವಿಟ್ಟು ನೆನಪಿಡಿ. ಗಂಭೀರ ಅಪರಾಧದ ದೂರು ಬಂದರೆ ಪೊಲೀಸರು ಎಫ್.ಐ.ಆರ್. ದಾಖಲಿಸಲೇಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಲೈಂಗಿಕ ದೌರ್ಜನ್ಯದ ದೂರನ್ನು ಬರೆದುಕೊಳ್ಳದ ಪೊಲೀಸ್ ಅಧಿಕಾರಿಗೇ ಶಿಕ್ಷೆಯಾಗುವ ಕಲಮು ಅದೇ ವರ್ಷ ಕಾನೂನಿಗೆ ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಇಂತಹ ಪ್ರಕರಣಗಳಲ್ಲಿ ಸರ್ಕಾರಿ ನೌಕರನ ಮೇಲೆ ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ನೆಪವೂ ಈಗ ನಡೆಯುವುದಿಲ್ಲ. “ಇದು ನಮ್ಮ ಠಾಣೆಯ ಹದ್ದಿಗೆ ಬರುವುದಿಲ್ಲ” ಎಂದು ಹೇಳಿದರೆ ಜೀರೊ ಎಫ್.ಐ.ಆರ್. ಮಾಡಿ ಎನ್ನಿ. ಠಾಣೆಯಲ್ಲಿ ಕೇಳದಿದ್ದರೆ ದೂರನ್ನು ಬರೆದು ಅಂಚೆಯಲ್ಲಿ ಎಸ್.ಪಿ.ಯವರಿಗೆ ಕಳಿಸಿ, ಅಂಚೆಯ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ವಕೀಲರಿಗೆ ಹಣವಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇದೆ. ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112. ಈ ಎರಡು ಸಂಖ್ಯೆಗಳನ್ನು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿ.

ಶಿಕ್ಷಕರೇ, ನಮಗೂ ಒಂದು ಎಚ್ಚರಿಕೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. “ನಮ್ಮೊಳಗೇ ಮುಗಿಸೋಣ” ಎಂಬುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಮೊದಲು ನಾವೇ ವಿಚಾರಣೆ ಮಾಡಿ ನಿಜವೋ ಸುಳ್ಳೋ ನೋಡೋಣ ಎನ್ನುವುದೂ ಬೇಡ; ಅದು ಪೊಲೀಸರ ಮತ್ತು ಕೋರ್ಟಿನ ಕೆಲಸ. ನಮ್ಮ ಕೆಲಸ ಮಗುವಿನ ಮಾತನ್ನು ಕೇಳುವುದು ಮತ್ತು ಮುಟ್ಟಿಸುವುದು.

ಕೊನೆಯದಾಗಿ, ಅಧ್ಯಕ್ಷರ ಮತ್ತು ಆಡಳಿತ ಮಂಡಳಿಯ ಮುಂದೆ ವಿನಯದಿಂದ ನಾಲ್ಕು ಬೇಡಿಕೆ ಇಡುತ್ತೇನೆ. ಇಂದಿನ ಸಭೆಯಲ್ಲೇ ನಿರ್ಣಯವಾದರೆ ಸಂತೋಷ. ಒಂದು, ನಮ್ಮ ಸಂಘದ ಎಲ್ಲ ಶಾಲೆ ಮತ್ತು ಹಾಸ್ಟೆಲುಗಳಲ್ಲಿ ದೂರು ಸಮಿತಿ ಇರಲಿ. ಅದರಲ್ಲಿ ಹೆಣ್ಣುಮಕ್ಕಳೇ ಹೆಚ್ಚಿರಲಿ, ಮಂಡಳಿಗೆ ಸಂಬಂಧವಿಲ್ಲದ ಹೊರಗಿನವರೊಬ್ಬರು ಇರಲಿ. ಎರಡು, ಮಗುವಿನಿಂದ ದೂರು ಬಂದರೆ, ಅದು ಶಿಕ್ಷಕರ ಮೇಲಿರಲಿ, ಹಜ್ರತ್ತರ ಮೇಲಿರಲಿ, ಸ್ವತಃ ಪದಾಧಿಕಾರಿಗಳ ಮೇಲಿರಲಿ, ಅದೇ ದಿನ ಪೊಲೀಸರಿಗೆ ತಲುಪಲಿ. ತನಿಖೆ ಮುಗಿಯುವವರೆಗೆ ಆ ವ್ಯಕ್ತಿ ಶಾಲೆಯ ಅಂಗಳಕ್ಕೆ ಬರದಿರಲಿ. ಮೂರು, ದೂರು ಕೊಟ್ಟ ಮಗುವಿಗೆ ಯಾವ ಕಾರಣಕ್ಕೂ ಟಿ.ಸಿ. ಕೊಡಬಾರದು, ಆ ಮಗುವಿನ ಶುಲ್ಕವನ್ನು ಸಂಘವೇ ಕಟ್ಟಲಿ. ನಾಲ್ಕು, ಕೋರ್ಟಿನ ಪ್ರತಿ ದಿನಾಂಕಕ್ಕೂ ಸಂಘದ ಒಬ್ಬ ಸದಸ್ಯರು ಆ ಮನೆಯವರ ಜೊತೆ ಹೋಗಲಿ. ಹತ್ತು ವರ್ಷವಾದರೂ ಸರಿ. ಪಂಚಕುಲಾದ ಒಂದು ನೆರೆಮನೆ ಮಾಡಿದ ಕೆಲಸವನ್ನು ಇಷ್ಟು ದೊಡ್ಡ ಸಂಘ ಮಾಡಲಾರದೇ?

ಈ ಮಾತುಗಳಿಂದ ಯಾರಿಗಾದರೂ ಬೇಸರವಾಗಿದ್ದರೆ ಕ್ಷಮಿಸಿ. ಆದರೆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಒಮ್ಮೆ ಒಂದು ಹೆಸರನ್ನು ಓದದೆ ಬಿಟ್ಟಿದ್ದೇನೆ. ಇನ್ನೊಮ್ಮೆ ಬಿಡುವ ಶಕ್ತಿ ನನಗಿಲ್ಲ.

ಜಾಲಿಮನಿಗೆ ಹೆದರದ, ಮಜ್ಲೂಮರ ಕೈಬಿಡದ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ನಮ್ಮ ಶಾಲೆಗಳನ್ನು ಮಕ್ಕಳು ಅಂಜದೆ ಬಾಯಿ ತೆರೆಯುವ ಜಾಗಗಳನ್ನಾಗಿ ಮಾಡಲಿ. ಆಮೀನ್.